ಜೋಡಿಬಂಡೆಯ ನೀರು ಮತ್ತು ಏಳನೇ ಅಧ್ಯಾಯ

ಕಾವಲೂರು, ಬಂಡೆಸೀಮೆಯ ತಪ್ಪಲು
ಕಡಲೇರಿದ ನೂರ ಎಪ್ಪತ್ತೊಂದನೇ ವರ್ಷ, ಎರಡನೇ ಬೇಸಿಗೆಯ ತೊಂಬತ್ತನೇ ದಿನ, ಬೆಳಗಿನ ಹೊತ್ತು

ಮುತ್ಯಾ,

ಮೇಲಿನ ತಾರೀಖು ನೋಡಿ ಯಾರೋ ಕುಚೇಷ್ಟೆ ಮಾಡಿದ್ದಾರೆ ಎಂದುಕೊಂಡು ಈ ಕಾಗದವನ್ನು ಮುದುರಿ ಎಸೆಯಬೇಡಿ. ಕಡಲು ಏರಿ ಬಂದು ಬಂದರಿನ ಊರುಗಳೆಲ್ಲ ಖಾಲಿಯಾದವಲ್ಲ, ಆ ವರ್ಷದಿಂದ ನಾವು ಕಾಲ ಎಣಿಸುತ್ತೇವೆ. ಅದು ನಿಮ್ಮ ಮುಪ್ಪಿನಲ್ಲಿ ಆಗುವಂಥದ್ದು, ಈಗಲೇ ಹೆದರಬೇಕಾಗಿಲ್ಲ. ನಮಗೆ ಬೇಸಿಗೆ ಎರಡು. ಮೊದಲನೆಯದರಲ್ಲಿ ಗಾಳಿಯಾದರೂ ಆಡುತ್ತದೆ, ಎರಡನೆಯದರಲ್ಲಿ ಅದೂ ಇಲ್ಲ. ನನ್ನ ಬರಹದಲ್ಲಿ ನೀವು ಕೇಳರಿಯದ ಪದಗಳು ಬರುತ್ತವೆ, ನಿಮ್ಮ ಕಾಲದ ಎಷ್ಟೋ ಪದಗಳು ನನ್ನ ಕೈಗೆ ಒಗ್ಗುವುದಿಲ್ಲ. ಅದಕ್ಕೆ ಕ್ಷಮೆ ಇರಲಿ. ಈ ಕಾಗದದಲ್ಲಿ ನಾನು ಕೇಳುವ ಕ್ಷಮೆ ಅದೊಂದೇ. ಉಳಿದದ್ದನ್ನೆಲ್ಲ ನಿಮ್ಮನ್ನು ಬೈಯಬೇಕೆಂದೇ ಬರೆಯುತ್ತಿದ್ದೇನೆ.

ನಾನು ಸಾಬವ್ವ, ನಿಮ್ಮ ವಂಶದವಳು. ನಿಮಗಿನ್ನೂ ಮದುವೆಯೇ ಆಗಿಲ್ಲ, ಮೂವತ್ತೂ ತುಂಬಿಲ್ಲ, ಭುಜದ ಮೇಲೆ ಕ್ಯಾಪ್ಟನ್ ಪಟ್ಟಿ ಹೊಸದು ಎಂಬುದು ನನಗೆ ಗೊತ್ತು. ಆದರೂ ನಮ್ಮ ಮನೆಯಲ್ಲಿ ಆರು ತಲೆಮಾರಿನಿಂದ ನಿಮ್ಮನ್ನು ಮುತ್ಯಾ ಎಂದೇ ಕರೆಯುತ್ತ ಬಂದಿದ್ದೇವೆ, ನಾನೂ ಹಾಗೆಯೇ ಕರೆಯುತ್ತೇನೆ. ಊರಿನ ದೊಡ್ಡ ಚೌಕದಲ್ಲಿ ನಿಮ್ಮ ಕಲ್ಲಿನ ಮೂರ್ತಿಯಿದೆ. ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಪುಸ್ತಕ. ಮೂಗು ಮಾತ್ರ ನಮ್ಮ ಮನೆತನದ್ದಲ್ಲ, ಕೆತ್ತಿದವನು ಯಾರದೋ ಮೂಗು ನೋಡಿ ಕೆತ್ತಿರಬೇಕು. ನಾನು ಕಾವಲು ಶಾಲೆಯಲ್ಲಿ, ಅಂದರೆ ಪಡೆಗೆ ಸೇರುವವರು ಓದುವ ಶಾಲೆಯಲ್ಲಿ, ನೀವು ಬರೆದ ಅದೇ ಪುಸ್ತಕವನ್ನು ಪಾಠ ಹೇಳುತ್ತೇನೆ. ಗುರುಪಾದಪ್ಪನವರ ವಂಶದವಳು ಎಂದು ಹುಡುಗರು ಎದ್ದು ನಿಲ್ಲುತ್ತಾರೆ.

ಈ ಕಾಗದ ನಿಮಗೆ ಹೇಗೆ ಮುಟ್ಟುತ್ತದೆ ಎಂದು ಕೇಳಬಹುದು. ನಮ್ಮಲ್ಲಿ ಹಿನ್ನಂಚೆ ಎಂಬುದಿದೆ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆ ಅದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ. ಮುಟ್ಟುತ್ತದೋ ಇಲ್ಲವೋ ಅಂಚೆಯವರಿಗೂ ತಿಳಿಯದು. ಕಿಟಕಿಯ ಹಿಂದೆ ಕೂತವನು ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಅವನ ಮುಖವೇ ಹುಳ್ಳಗಾಗಿದೆ. ಜನ ಇದನ್ನು ಲೋಕ ಉದ್ಧಾರಕ್ಕೆ ಬಳಸುತ್ತಾರೆ ಎಂದುಕೊಳ್ಳಬೇಡಿ. ನಮ್ಮ ಓಣಿಯ ಬಾಳವ್ವ ತನ್ನ ಸರದಿಯನ್ನು ಸತ್ತ ಅತ್ತೆಯನ್ನು ಬೈಯುವುದಕ್ಕೆ ಖರ್ಚು ಮಾಡಿದಳು, ಆಮೇಲೆ ವಾರಗಟ್ಟಲೆ ಹಸಿವಾಗಿ ಉಂಡಳು. ನನ್ನ ಸರದಿಯನ್ನು ನಾನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ. ಗಂಡ ಸತ್ತಾಗಲೂ ಬಳಸಲಿಲ್ಲ. ಇವತ್ತು ಬಳಸುತ್ತಿದ್ದೇನೆ, ಏಕೆಂದರೆ ನನ್ನ ಮಗಳು ಸಿದ್ದವ್ವ ಈಗ ಜೋಡಿಬಂಡೆಯ ನೀರಿನ ದೊಣೆಯ ಹತ್ತಿರ ಕೂತಿದ್ದಾಳೆ, ಮತ್ತು ಇವತ್ತು ಹೊತ್ತು ಮುಳುಗುವ ಮುಂಚೆ ನಮ್ಮದೇ ಪಡೆ ನಿಮ್ಮ ಏಳನೇ ಅಧ್ಯಾಯದ ಪ್ರಕಾರ ಅಲ್ಲಿ ಗುಂಡು ಹಾರಿಸಲಿದೆ.

ನಿಮ್ಮ ಪುಸ್ತಕವನ್ನು ನೀವಿನ್ನೂ ಬರೆದಿಲ್ಲ. ಆದ್ದರಿಂದ ಅದರಲ್ಲಿ ಏನಿದೆ ಎಂದು ನಾನೇ ಹೇಳಬೇಕು. ಹೆಸರು ‘ಗುಡ್ಡಗಾಡಿನ ದಂಗೆ: ಪಡೆಗಳಿಗೊಂದು ಕೈಪಿಡಿ’. ಮೊದಲ ಆರು ಅಧ್ಯಾಯಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ನಿಜ ಹೇಳಬೇಕೆಂದರೆ ಅವನ್ನು ಪಾಠ ಮಾಡುವಾಗ ನನಗೆ ಹೆಮ್ಮೆಯೇ ಆಗುತ್ತದೆ. ಬಂಡೆಸೀಮೆಯಲ್ಲಿ ಕಾದಾಡುವುದು ಎಂಥ ಪೀಡೆ ಎಂದು ಅಷ್ಟು ಚೆನ್ನಾಗಿ ಯಾರೂ ಬರೆದಿಲ್ಲ. ಕಲ್ಲಿನ ಮೇಲೆ ಕಲ್ಲು, ಅದರ ಸಂದಿಯಲ್ಲಿ ಮನುಷ್ಯ ನುಸುಳುವಷ್ಟು ದಾರಿ, ಆ ದಾರಿ ಒಳಗೇ ಕವಲೊಡೆದು ಇನ್ನೆಲ್ಲೋ ತೇಲುತ್ತದೆ. ಗುಂಡಿನ ಸದ್ದು ನಾಲ್ಕು ಬಂಡೆಗೆ ಬಡಿದು ಬರುವುದರಿಂದ ಎಲ್ಲಿಂದ ಹೊಡೆದರೆಂದು ತಿಳಿಯುವುದಿಲ್ಲ. ಗಾಡಿಗಳು ಬುಡದಲ್ಲೇ ನಿಲ್ಲಬೇಕು, ಮೇಲಿಂದ ಹಾರಿ ನೋಡಿದರೆ ಬರೀ ಕಲ್ಲು ಕಾಣುತ್ತದೆ. ಇಂಥ ಕಡೆ ದೊಡ್ಡ ಪಡೆ ಒಯ್ಯಬೇಡಿ, ಸಣ್ಣ ಗುಂಪಾಗಿ ನಿಧಾನಕ್ಕೆ ಹೋಗಿ ಎಂದಿರಿ. ಹಳ್ಳಿಯವರ ಒಂದು ಆಡನ್ನೂ ಮುಟ್ಟಬೇಡಿ, ಒಂದು ಗುಡಿಸಲಿಗೂ ಬೆಂಕಿ ಇಡಬೇಡಿ, ಸಿಟ್ಟಿಗೆದ್ದ ಸಿಪಾಯಿ ದಂಗೆಕೋರರಿಗೆ ಆಳು ಸೇರಿಸಿಕೊಡುತ್ತಾನೆ ಎಂದಿರಿ. ಇಷ್ಟು ತಿಳಿದ ಮನುಷ್ಯ ಅದೇ ಲೇಖನಿಯಿಂದ ಏಳನೆಯದನ್ನು ಬರೆದದ್ದು ಹೇಗೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಏಳನೆಯದಕ್ಕೆ ಬರುವ ಮೊದಲು ದೊಣೆಯ ಮಾತು ಆಡಬೇಕು. ನೀವು ಅದನ್ನು ಕಂಡವರು; ಆದರೂ ನಾನು ಹೇಳುತ್ತೇನೆ, ಏಕೆಂದರೆ ನೀವು ಕಂಡದ್ದನ್ನು ಮರೆತವರಂತೆ ಬರೆದಿದ್ದೀರಿ. ಬಂಡೆಸೀಮೆಯಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಬಂಡೆಗಳ ನೆತ್ತಿಯಲ್ಲಿ ತಾನಾಗಿ ಆದ ಕುಳಿಗಳಲ್ಲಿ ಮಳೆನೀರು ನಿಲ್ಲುತ್ತದೆ, ಅವೇ ದೊಣೆ. ಪ್ರತಿ ದೊಣೆಗೂ ಚಪ್ಪಡಿಯ ಮುಚ್ಚಳ, ಪ್ರತಿ ಮುಚ್ಚಳಕ್ಕೂ ಒಂದು ಮನೆಯವರ ಕಾವಲು. ಇಳಿಹೊತ್ತಿಗೆ ಆ ಮನೆಯ ಹೆಂಗಸು ಬಂದು ಚಪ್ಪಡಿ ಸರಿಸಿ, ಸೋರೆಬುರುಡೆಯಲ್ಲಿ ನೀರು ಮೊಗೆದು, ಬಂದವರ ಬೊಗಸೆಗೆ ಹೊಯ್ಯುತ್ತಾಳೆ. ಎಲ್ಲರೂ ಕುಡಿದ ಮೇಲೆ ತಾನು ಕುಡಿದು ಮುಚ್ಚುತ್ತಾಳೆ. ಕುಡಿಯಲು ಬಂದವರು ಕೈಯಲ್ಲಿದ್ದ ಆಯುಧವನ್ನು ಕೂಗಳತೆ ದೂರದ ಒರಗುಬಂಡೆಗೆ ಆನಿಸಿ ಬರಬೇಕು. ಕುಡಿಯುವವರ ಹೆಸರನ್ನು ಯಾರೂ ಕೇಳಬಾರದು. ಗುರುತಿದ್ದರೂ ಇಲ್ಲದವರಂತೆ ಇರಬೇಕು. ನಿಮ್ಮ ಕಾಲದಲ್ಲಿ ದಂಗೆಯವರೂ ಸಿಪಾಯಿಗಳೂ ಒಂದೇ ದೊಣೆಯಲ್ಲಿ ಕುಡಿಯುತ್ತಿದ್ದರು. ಒಬ್ಬರು ಕುಡಿಯುವಾಗ ಇನ್ನೊಬ್ಬರು ಬಂದರೆ ದೂರ ನಿಂತು ಕೆಮ್ಮುತ್ತಿದ್ದರು, ಮೊದಲಿನವರು ಬಾಯಿ ಒರೆಸಿಕೊಂಡು ಎದ್ದು ಹೋಗುತ್ತಿದ್ದರು. ಹಿಡಿದಿಟ್ಟ ಸಿಪಾಯಿಗಳನ್ನು ವಾಪಸು ಕೊಟ್ಟದ್ದು ಅಲ್ಲಿ, ದಂಗೆಗೆ ಸೇರಿದ ಮಗನನ್ನು ತಾಯಿ ನೋಡುತ್ತಿದ್ದದ್ದು ಅಲ್ಲಿ, ಸಾಕಾಯಿತು ಮನೆಗೆ ಬರುತ್ತೇನೆ ಎಂದು ಹುಡುಗರು ಹೇಳಿ ಕಳಿಸುತ್ತಿದ್ದದ್ದೂ ಅಲ್ಲಿಂದಲೇ. ಆ ಹಾಳು ಯುದ್ಧಕ್ಕೆ ಬೇಲಿ ಅಂತ ಇದ್ದದ್ದು ಅದೊಂದೇ.

ಈಗ ನಿಮ್ಮ ವಿಷಯ. ಈ ಕಾಗದ ಸರಿಯಾದ ಹೊತ್ತಿಗೆ ಮುಟ್ಟಿದ್ದರೆ ನೀವು ಪಡೆಯ ಆಸ್ಪತ್ರೆಯಲ್ಲಿ ಬಲಗಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದೀರಿ. ಬಂಡೆಯ ಸಂದಿಗೆ ಜಾರಿ ಬಿದ್ದು, ಜೊತೆಯವರಿಂದ ತಪ್ಪಿಸಿಕೊಂಡು, ನಾಲಿಗೆ ಒಣಗಿ ಬಾಯಿಗೆ ಅಂಟುವ ಸ್ಥಿತಿಯಲ್ಲಿ ತೆವಳಿ ಜೋಡಿಬಂಡೆಯ ದೊಣೆ ಮುಟ್ಟಿದಿರಿ. ಅಲ್ಲಿ ದಂಗೆಯ ನಾಲ್ವರು ಸಜ್ಜೆರೊಟ್ಟಿ ತಿನ್ನುತ್ತ ಕೂತಿದ್ದರು. ನಿಮ್ಮ ಸಮವಸ್ತ್ರ ನೋಡಿ ಅವರಲ್ಲೊಬ್ಬ ಎದ್ದು ಒರಗುಬಂಡೆಯ ಕಡೆ ಹೆಜ್ಜೆ ಹಾಕಿದ.

“ಇವ ಮಿಲ್ಟ್ರಿಯಾಂವ ಅದಾನ ಯವ್ವಾ,” ಅಂದ.

ದೊಣೆ ಕಾಯುವವಳು ತಲೆ ಎತ್ತಲೂ ಇಲ್ಲ. “ಇರವಲ್ಲನ್ಯಾಕ. ಬಾಯಿ ಒಣಗೇತಿಲ್ಲೋ ಅವಂದು? ನೀರ ಕುಡಿಯಾಕ ಬಂದಾವನ್ನ ಯಾರು ಏನು ಅಂತ ಕೇಳಬಾರದು. ಸುಮ್ನ ಕುಂಡ್ರು,” ಅಂದಳು. ಅವನು ಕೂತ. ಅವಳು ನಿಮ್ಮ ಬೊಗಸೆಗೆ ನೀರು ಹೊಯ್ದಳು. ಬೊಗಸೆ ನಡುಗಿ ಚೆಲ್ಲಿದಾಗ ಬುರುಡೆಯನ್ನೇ ಬಾಯಿಗೆ ಹಿಡಿದಳು. ಎದ್ದಿದ್ದವನೇ ತನ್ನ ಟವೆಲ್ ಹರಿದು ನಿಮ್ಮ ಕಾಲಿಗೆ ಬಿಗಿದ, ಇಳಿಯುವ ದಾರಿ ತೋರಿಸಿದ. ಇದನ್ನೆಲ್ಲ ನಾನು ಕಟ್ಟಿ ಹೇಳುತ್ತಿಲ್ಲ, ನೀವೇ ಮುಪ್ಪಿನಲ್ಲಿ ಮೊಮ್ಮಕ್ಕಳಿಗೆ ಹೇಳಿದ್ದು, ಬಾಯಿಂದ ಬಾಯಿಗೆ ನನ್ನವರೆಗೆ ಬಂದದ್ದು. ನಿಮ್ಮ ಪುಸ್ತಕದ ಮುನ್ನುಡಿಯಲ್ಲೂ ಅದಕ್ಕೆ ಒಂದು ಸಾಲಿದೆ: ‘ಹೆಸರು ತಿಳಿಯದ ಒಬ್ಬ ಹೆಣ್ಣುಮಗಳಿಗೆ ನಾನು ಋಣಿ.’ ಒಂದೇ ಸಾಲು. ಕಾಗದ ಕೊಟ್ಟವರಿಗೆ, ನಕ್ಷೆ ಬರೆದವರಿಗೆ, ಟೈಪು ಮಾಡಿದವರಿಗೆ ಅದಕ್ಕಿಂತ ಉದ್ದದ ಸಾಲುಗಳಿವೆ.

ಇನ್ನು ಏಳನೇ ಅಧ್ಯಾಯ ಕೇಳಿ. ‘ಬಾಯಾರಿದವನು ಬಂದೇ ಬರುತ್ತಾನೆ. ಅವನನ್ನು ಹುಡುಕುತ್ತ ಬಂಡೆ ಹತ್ತಬೇಡಿ, ನೀರನ್ನು ಹಿಡಿದು ಕೂತಿರಿ’ ಎಂದು ಶುರು ಮಾಡಿದ್ದೀರಿ. ಆಮೇಲೆ ಒಂದು ಚಿತ್ರ. ದೊಣೆ ಎಲ್ಲಿ, ಒರಗುಬಂಡೆ ಎಲ್ಲಿ, ಆಯುಧ ಬಿಟ್ಟು ಬಂದವರಿಗೂ ಅವರ ಆಯುಧಕ್ಕೂ ನಡುವೆ ಎಷ್ಟು ಬಯಲು, ಗುಂಡು ಹೊಡೆಯುವವರು ಅಡಗಿ ಮಲಗಲು ಯಾವ ಯಾವ ಬಂಡೆ. ನಾನು ಒಮ್ಮೆ ಮಗಳ ಜೊತೆ ಅಲ್ಲಿಗೆ ಹೋಗಿ ನೋಡಿ ಬಂದಿದ್ದೇನೆ. ಆ ಚಿತ್ರ ಕೂದಲೆಳೆಯಷ್ಟೂ ತಪ್ಪಿಲ್ಲ. ಅದನ್ನು ಬರೆಯಲು ನಿಮಗೆ ಹಾರುವ ಯಂತ್ರ ಬೇಕಾಗಲಿಲ್ಲ, ಗೂಢಚಾರ ಬೇಕಾಗಲಿಲ್ಲ. ಬಿದ್ದುಕೊಂಡು ನೀರು ಕುಡಿಯುತ್ತಿದ್ದಾಗಲೇ ಅಷ್ಟನ್ನೂ ಕಣ್ಣಲ್ಲಿ ತುಂಬಿಕೊಂಡು ಬಂದಿರಿ. ಥೂ ನಿಮ್ಮ. ಅವಳು ನೀರು ಹೊಯ್ಯುತ್ತಿದ್ದಳು, ನೀವು ಅಳತೆ ಹಾಕುತ್ತಿದ್ದಿರಿ. ಅಧ್ಯಾಯದ ಕೊನೆಯಲ್ಲಿ ಇನ್ನೂ ಒಂದು ಸಾಲಿದೆ, ಅದನ್ನು ಓದಿದಾಗಲೆಲ್ಲ ನನ್ನ ಮೈ ಉರಿಯುತ್ತದೆ: ‘ನೀರಿನ ಬಳಿ ಇರುವವರು ಯಾರು ಎಂದು ವಿಚಾರಿಸುತ್ತ ಕೂರಬೇಕಾಗಿಲ್ಲ.’ ನಿಮ್ಮ ಜೀವ ಉಳಿಸಿದ ಕಟ್ಟಳೆಯನ್ನೇ ತಿರುಗಿಸಿ ಗುಂಡು ಹಾರಿಸುವ ಆಜ್ಞೆ ಮಾಡಿದಿರಿ. ಬುದ್ಧಿವಂತರೇ ಸರಿ.

ಮೊದಲ ಸಲ ಹಾಗೆ ಹೊಂಚು ಹಾಕಿದ್ದು ಜೋಡಿಬಂಡೆಯಲ್ಲೇ. ಪಡೆಯ ಲೆಕ್ಕದಲ್ಲಿ ಅದು ದೊಡ್ಡ ಗೆಲುವು. ಆ ಭಾಗದ ದಂಗೆಯ ಮುಂದಾಳುಗಳೆಲ್ಲ ಒಂದೇ ಸಂಜೆಗೆ ಮುಗಿದರು, ನಮ್ಮ ಕಡೆಯವರಿಗೆ ಒಂದು ಗಾಯವೂ ಆಗಲಿಲ್ಲ, ನಿಮಗೆ ಪದಕ ಬಂತು. ವರದಿಯಲ್ಲಿ ‘ದೊಣೆಯ ಕಾವಲಿನ ಒಬ್ಬ ಹೆಂಗಸು ಕೂಡ’ ಎಂದು ಕೊನೆಯ ಸಾಲಿಗೆ ಸೇರಿಸಿದ್ದಾರೆ. ನಿಮಗೆ ನೀರು ಹೊಯ್ದವಳೇ ಅವಳು. ಗುಂಡು ಶುರುವಾದಾಗ ಉಳಿದವರು ಒರಗುಬಂಡೆಯ ಕಡೆ ಓಡಿದರಂತೆ, ಇವಳು ಓಡಲಿಲ್ಲ. ನೀರಿಗೆ ರಕ್ತ ಬೀಳಬಾರದೆಂದು ಚಪ್ಪಡಿ ಮುಚ್ಚಲು ಹೋದಳು. ಮುಚ್ಚಿದಳು ಕೂಡ. ಅವಳ ಹೆಸರು ಹುಲಿಗೆವ್ವ. ಇದು ನನಗೆ ಗೊತ್ತಾದದ್ದು ಮಗಳಿಂದ. “ಅವ್ವಾ, ನಮ್ಮ ಮುತ್ಯಾನ ಪುಸ್ತಕದಾಗ ಆಕೀ ಹೆಸರು ಇಲ್ಲ. ಇಲ್ಲಿ ಸಣ್ಣ ಕೂಸಿಗೂ ಗೊತ್ತೈತಿ,” ಎಂದು ಸಿದ್ದವ್ವ ಹೇಳಿದ ದಿನ ನಾನು ಚೌಕದ ದಾರಿ ಬಿಟ್ಟು ಸುತ್ತುಹಾದಿಯಲ್ಲಿ ಶಾಲೆಗೆ ಹೋಗತೊಡಗಿದೆ. ನಿಮ್ಮ ಮೂರ್ತಿಯ ಮುಖ ನೋಡುವುದು ಬೇಡವಾಯಿತು.

ಆಮೇಲೆ ಆದದ್ದನ್ನು ಯಾವ ಅಧ್ಯಾಯವೂ ಹೇಳುವುದಿಲ್ಲ. ಬಂಡೆಸೀಮೆಯವರ ಕಸುಬು ಕಲ್ಲು ಸೀಳುವುದು. ನೀರು ಇದ್ದರೆ ತಾನೆ ನೀರಿನ ಹತ್ತಿರ ಹೊಂಚು ಹಾಕುವುದು ಎಂದು ಅವರು ಚಾಣ, ಸುತ್ತಿಗೆ ತಗೊಂಡು ತಮ್ಮ ದೊಣೆಗಳ ತಳವನ್ನು ತಾವೇ ಸೀಳಿದರು. ನೀರಿಲ್ಲದೆ ಪಡೆ ಇಳಿದು ಹೋಗುತ್ತದೆ ಎಂಬ ಲೆಕ್ಕ ಅವರದು. ಪಡೆಗೆ ಕೆಳಗಿನಿಂದ ಪೈಪಿನಲ್ಲಿ ನೀರು ಬಂತು. ಒಣಗಿದ್ದು ಇವರ ಬಾಯಿ, ಇವರ ಆಡುಗಳು. ಒಮ್ಮೆ ಸೀಳಿದ ದೊಣೆ ಮತ್ತೆ ನೀರು ಹಿಡಿಯುವುದಿಲ್ಲ, ಎಷ್ಟು ಗಾರೆ ಮೆತ್ತಿದರೂ ಎರಡು ಮಳೆಗೆ ಬಿಡುತ್ತದೆ. ಅವರ ಮೇಲೂ ನನಗೆ ಸಿಟ್ಟಿದೆ, ಇಲ್ಲ ಎನ್ನುವುದಿಲ್ಲ. ಕಲ್ಲು ಬಲ್ಲವರು ಅಷ್ಟು ಯೋಚಿಸಬೇಡವೆ? ಆದರೆ ತಮ್ಮವರು ಸತ್ತ ನೋವಿನಲ್ಲಿ ಅವರು ಹೇಗೆ ಯೋಚಿಸಬೇಕಿತ್ತು ಎಂದು ನಾನು ಈಗ ಇಲ್ಲಿ ಕೂತು ಹೇಳುವುದು ಸುಲಭ. ಜೋಡಿಬಂಡೆಯೊಂದು ಉಳಿಯಿತು. ಅಲ್ಲಿಗೂ ಚಾಣ ಹಿಡಿದು ಬಂದವರಿಗೆ ಹುಲಿಗೆವ್ವನ ಮಗಳು ಚಪ್ಪಡಿಯ ಮೇಲೆ ಅಡ್ಡ ಮಲಗಿ, “ನಮ್ಮವ್ವ ಇದನ್ನ ಮುಚ್ಚಾಕ ಹೋಗಿ ಸತ್ತಾಳ. ಒಡ್ಯೂದಾದ್ರ ನನ್ನ ಮ್ಯಾಲಿಂದ ಒಡೀರಿ,” ಎಂದಳಂತೆ. ಬಂದವರು ತಿರುಗಿ ಹೋದರು.

ಇತ್ತ ನಿಮ್ಮ ಗೆಲುವಿನಿಂದ ಯುದ್ಧ ನಿಂತಿತೇ ಎಂದರೆ ಅದೂ ಇಲ್ಲ. ಆರು ತಲೆಮಾರಾಯಿತು, ನಡೆಯುತ್ತಲೇ ಇದೆ. ಮಾತಾಡಲು ಜಾಗವೇ ಇಲ್ಲದ ಮೇಲೆ ಯಾರು ಯಾರೊಡನೆ ಮಾತಾಡುತ್ತಾರೆ? ಮುಂದಾಳುಗಳನ್ನು ಕೊಂದದ್ದಕ್ಕೆ ಅವರ ಮಕ್ಕಳು ಬಂದರು, ಅವರನ್ನು ಕೊಂದದ್ದಕ್ಕೆ ಅವರ ಮಕ್ಕಳು. ಈಗಿನ ದಂಗೆಯವರಿಗೆ ತಾವು ಯಾಕೆ ಕಾದುತ್ತಿದ್ದೇವೆ ಎಂಬುದೂ ಸರಿಯಾಗಿ ನೆನಪಿಲ್ಲ. ಕೇಳಿದರೆ ಜೋಡಿಬಂಡೆಯ ಹೆಸರು ಹೇಳುತ್ತಾರೆ. ಮೊದಲು ನಡೆದ ಜಗಳ ಯಾವುದೋ ಗಣಿಯದು, ಯಾವುದೋ ಹುಲ್ಲುಗಾವಲಿನದು, ಕೂತು ಮಾತಾಡಿದ್ದರೆ ಮುಗಿಯುವಂಥದ್ದು. ಅದನ್ನು ಮುಗಿಯದಂತೆ ಮಾಡಿದ ಕೀರ್ತಿ ನಿಮ್ಮದು.

ನಿಮ್ಮ ಏಳನೇ ಅಧ್ಯಾಯ ಗುಡ್ಡದಲ್ಲೇ ನಿಂತಿತೆಂದು ತಿಳಿಯಬೇಡಿ. ಅದು ಇಳಿದು ಬಂದು ನಮ್ಮ ಅಡುಗೆಮನೆಗೆ ನುಗ್ಗಿತು. ನೀರು ಹಿಡಿದವನು ಜನರನ್ನು ಹಿಡಿಯುತ್ತಾನೆ ಎಂಬ ಪಾಠವನ್ನು ಊರು ಆಳುವವರು ಚೆನ್ನಾಗಿ ಕಲಿತರು. ಈಗ ನಮ್ಮ ಪ್ರತಿಯೊಬ್ಬರ ಮುಂಗೈಯಲ್ಲೂ ಗುಟುಕುಬಳೆ ಇರುತ್ತದೆ, ಅವರವರ ಪಾಲಿನ ನೀರಿನ ಗುರುತು ಅದರಲ್ಲಿರುತ್ತದೆ. ನಳದ ಮುಂದೆ ಬಳೆ ಹಿಡಿಯಬೇಕು, ಆಗ ನಳ ಕೇಳುತ್ತದೆ: ‘ಹೆಸರು ಹೇಳಿ.’ ಬಾಯಿಬಿಟ್ಟು ಹೆಸರು ಹೇಳಿದರೆ, ದನಿ ಬಳೆಯೊಂದಿಗೆ ತಾಳೆಯಾದರೆ ನೀರು. ಮನೆಗೆ ನೆಂಟರು ಬಂದರೆ ಅವರ ಹೆಸರು ನಮ್ಮ ಓಣಿಯ ನಳಕ್ಕೆ ಗೊತ್ತಿರುವುದಿಲ್ಲ, ಆದ್ದರಿಂದ ಈಗ ನೆಂಟರು ತಮ್ಮ ನೀರು ತಾವೇ ಹೊತ್ತು ಬರುತ್ತಾರೆ, ಬಂದವರೂ ಅರ್ಧ ದಿನಕ್ಕೆ ಎದ್ದು ಹೋಗುತ್ತಾರೆ. ಕೂಸುಗಳಿಗೆ ಅವ್ವ ಅನ್ನುವುದಕ್ಕೆ ಮುಂಚೆ ತಮ್ಮ ಹೆಸರು ಹೇಳಲು ಕಲಿಸುತ್ತೇವೆ. ಪಕ್ಕದ ಮನೆಯ ಗಾಳೆಪ್ಪಣ್ಣನಿಗೆ ಪಾರ್ಶ್ವವಾಯು ಹೊಡೆದು ನಾಲಿಗೆ ತೊದಲಾಯಿತು. ಅವನು ತನ್ನ ಹೆಸರು ಹೇಳಿದರೆ ನಳ ಒಪ್ಪುವುದಿಲ್ಲ. “ನಾ ಗಾಳೆಪ್ಪ, ನಾ ಗಾಳೆಪ್ಪ,” ಎಂದು ಬೆಳಗಿನಿಂದ ನಳದ ಮುಂದೆ ನಿಂತು ಹೇಳುತ್ತಿರುತ್ತಾನೆ. ಹೆಂಡತಿ ತನ್ನ ಪಾಲಿನಲ್ಲಿ ಅರ್ಧ ಕೊಟ್ಟು ಅವನನ್ನು ಉಳಿಸಿಕೊಂಡಿದ್ದಾಳೆ, ಇಬ್ಬರೂ ಒಣಗಿ ಕಡ್ಡಿಯಾಗಿದ್ದಾರೆ. ನೆರೆಯವರು ಕೊಡಬಾರದೇ ಎನ್ನುತ್ತೀರಿ. ಮನೆಯವರಲ್ಲದವರಿಗೆ ಕೊಟ್ಟರೆ ಕೊಟ್ಟವರ ಬಳೆ ಮುಚ್ಚಿಹೋಗುತ್ತದೆ. ನಾನು ಎರಡು ಸಲ ಕದ್ದು ಕೊಟ್ಟಿದ್ದೇನೆ, ಅವನು ಕುಡಿಯುವಾಗ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ.

ನನ್ನ ಮಗಳು ಸಿದ್ದವ್ವ ಪಡೆಯ ವೈದ್ಯೆ. ಗುಡ್ಡದವರ ಮನಸ್ಸು ಗೆಲ್ಲಬೇಕೆಂದು ಪಡೆಯವರೇ ಅವಳನ್ನು ಮೇಲೆ ಕಳಿಸಿದರು, ನಿಮ್ಮ ಐದನೇ ಅಧ್ಯಾಯದ ಪ್ರಕಾರ. ಅವಳು ಹೋದಳು, ಮಕ್ಕಳಿಗೆ ಔಷಧಿ ಕೊಟ್ಟಳು, ಹೆರಿಗೆ ಮಾಡಿಸಿದಳು, ಗುಡ್ಡದವರ ಮನಸ್ಸು ಗೆದ್ದಳೋ ಇಲ್ಲವೋ, ತನ್ನ ಮನಸ್ಸನ್ನಂತೂ ಅಲ್ಲಿ ಬಿಟ್ಟಳು. ಮೊದಲ ದಿನ ಬಾಯಾರಿ ಜೋಡಿಬಂಡೆಗೆ ಹೋದಾಗ ಅಭ್ಯಾಸಬಲದಿಂದ ಬಳೆಯ ಕೈ ಮುಂದೆ ಚಾಚಿ “ಸಿದ್ದವ್ವ” ಎಂದಳಂತೆ. ದೊಣೆ ಕಾಯುವ ಮುದುಕಿ ನಕ್ಕು, “ಯಾರ ಕೇಳ್ಯಾರಬೇ ನಿನ್ನ ಹೆಸರ? ಬೊಗಸಿ ಹಿಡಿ,” ಎಂದಳಂತೆ. ಇದನ್ನು ಹೇಳುವಾಗ ನನ್ನ ಮಗಳು ಅತ್ತಳು. ಮೂವತ್ತು ದಾಟಿದ ಹೆಂಗಸು, ಮನುಷ್ಯರ ಕೈಕಾಲು ಕೊಯ್ದು ಹೊಲಿಯುವವಳು, ನೀರು ಕುಡಿದದ್ದನ್ನು ಹೇಳುತ್ತ ಅತ್ತಳು.

ಈ ಎರಡನೇ ಬೇಸಿಗೆ ಹಿಂದೆಂದೂ ಇಲ್ಲದಷ್ಟು ಕೆಟ್ಟದ್ದು. ಗಾರೆ ಮೆತ್ತಿದ ದೊಣೆಗಳೆಲ್ಲ ಬತ್ತಿವೆ. ಇಡೀ ಬಂಡೆಸೀಮೆ ಈಗ ಇಳಿಹೊತ್ತಿಗೆ ಜೋಡಿಬಂಡೆಗೆ ಬರುತ್ತದೆ: ದಂಗೆಯವರು, ಆಡು ಕಾಯುವವರು, ಬಸುರಿಯರು, ಕೂಸುಗಳು. ಪಡೆಗೆ ಇದಕ್ಕಿಂತ ಒಳ್ಳೆಯ ಕಾಲ ಬೇಕೆ? ನಮ್ಮ ಪಡೆಮುಖ್ಯ ಪರಗೊಂಡ ನಿಮ್ಮ ಪುಸ್ತಕವನ್ನು ಬಾಯಿಪಾಠ ಮಾಡಿದವನು, ನನ್ನದೇ ವಿದ್ಯಾರ್ಥಿ. ಸಿದ್ದವ್ವನಿಗೆ ಕೆಳಗಿಳಿದು ಬಾ ಎಂದು ಹೇಳಿ ಕಳಿಸಿದ. ಅವಳಿಗೆ ಎಲ್ಲ ತಿಳಿಯಿತು, ಬರಲಿಲ್ಲ. ನಿನ್ನೆ ನನಗೆ ಮಾತು ಕಳಿಸಿದ್ದಳು: “ಅವ್ವಾ, ಹೋಗಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳಿ ನೋಡಿದ್ನಿ. ನೀರು ಬ್ಯಾರೆ ಎಲ್ಲಿ ಐತಿ ಅಂತ ಕೇಳ್ತಾರ. ಅದಕ್ಕ ನಾನೂ ಅವರ ಜೋಡಿ ಕುಂಡ್ರತೀನಿ. ಹೊಡ್ಯೂದಾದ್ರ ನನ್ನ ಮಾರಿ ನೋಡಿ ಹೊಡೀಲಿ.”

ಇವತ್ತು ನಸುಕಿನಲ್ಲೇ ನಾನು ಪರಗೊಂಡನ ಬಳಿಗೆ ಓಡಿದೆ. ಎದ್ದು ನಿಂತ, ಕುರ್ಚಿ ಕೊಟ್ಟ, ಬಳೆ ಮುಚ್ಚಿಹೋದೀತೆಂದೂ ನೋಡದೆ ತನ್ನ ಪಾಲಿನಿಂದ ಒಂದು ಲೋಟ ನೀರನ್ನೂ ಮುಂದಿಟ್ಟ. ಗೌರವಕ್ಕೇನೂ ಕಡಿಮೆ ಮಾಡಲಿಲ್ಲ. ನಾನು ಬೇಡಿಕೊಂಡೆ, ಬೈದೆ, ಮತ್ತೆ ಬೇಡಿಕೊಂಡೆ. ಅವನು ಎಲ್ಲ ಕೇಳಿ ಮೆಲ್ಲಗೆ ಹೇಳಿದ: “ಬಾಯಿಯವರ, ನಿಮ್ಮ ಹಿರ್ಯಾರು ಬರದಿದ್ದನ್ನ ನಾವು ಮಾಡಾಕತ್ತೀವಿ. ನೀವಽ ಕಲಿಸೀರಿ. ನೀರಿನ ಹತ್ರ ಇದ್ದಾವ್ರು ಯಾರಂತ ಕೇಳ್ಕೋಂತ ಕುಂತ್ರ ಕೆಲಸ ಆಗೂದಿಲ್ಲ ಅಂತ ಅವರಽ ಹೇಳ್ಯಾರಲ್ರಿ.” ಅವನ ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿ ನನ್ನನ್ನು ಸಮಾಧಾನ ಮಾಡುತ್ತಿದ್ದ. ನಿಮ್ಮ ಆ ಸಾಲನ್ನು ಕಲ್ಲಿನ ಮೂರ್ತಿಯ ಕೆಳಗೆ ಕೆತ್ತಿದ್ದಾರೆ ಮುತ್ಯಾ. ಅದರ ಎದುರು ಒಬ್ಬ ತಾಯಿಯ ಮಾತಿಗೆ ಏನು ಬೆಲೆ? ನೀರು ಮುಟ್ಟದೆ ಎದ್ದು ಬಂದೆ, ಸೀದಾ ಹಿನ್ನಂಚೆಯ ಕಟ್ಟೆಗೆ ಬಂದು ಕೂತೆ.

ಆದ್ದರಿಂದ ಈಗ ನಾನು ಹೇಳುವುದನ್ನು ಕಿವಿಗೊಟ್ಟು ಕೇಳಿ. ಪುಸ್ತಕವನ್ನೇ ಬರೆಯಬೇಡಿ ಎಂದು ಹೇಳುತ್ತಿಲ್ಲ. ಆರು ಅಧ್ಯಾಯ ಬರೆಯಿರಿ, ಮೂರ್ತಿ ಮಾಡಿಸಿಕೊಳ್ಳಿ, ಯಾರ ಮೂಗು ಬೇಕಾದರೂ ಇಡಿಸಿಕೊಳ್ಳಿ. ಆದರೆ ಏಳನೆಯದು ಶುರುವಾದದ್ದು ಪುಸ್ತಕದಲ್ಲಲ್ಲ. ನಾಳೆ ನಿಮ್ಮ ಹಾಸಿಗೆಯ ಹತ್ತಿರ ಮೇಲಧಿಕಾರಿಯೊಬ್ಬರು ನಕ್ಷೆ ಹಿಡಿದು ಬರುತ್ತಾರೆ. ಅಷ್ಟು ದಿನ ನೀರಿಲ್ಲದೆ ಹೇಗೆ ಬದುಕಿದೆ, ಎಲ್ಲಿ ಕುಡಿದೆ, ತೋರಿಸು ಎನ್ನುತ್ತಾರೆ. ನೀವು ಬೆರಳಿಟ್ಟು ತೋರಿಸಿದಿರಿ. ಅಷ್ಟೇ ಆದದ್ದು. ಮೆಚ್ಚಿಸಬೇಕೆಂದು ತೋರಿಸಿದಿರೋ, ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ ಎಂದು ತೋರಿಸಿದಿರೋ ನನಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇಲ್ಲ. ಈ ಸಲ ತೋರಿಸಬೇಡಿ. ಕಲ್ಲಿನ ಸಂದಿಯಲ್ಲಿ ಮಳೆನೀರು ನಿಂತಿತ್ತು, ನೆಕ್ಕಿದೆ ಎನ್ನಿ. ಜ್ವರದಲ್ಲಿ ಜಾಗದ ನೆನಪಿಲ್ಲ ಎನ್ನಿ. ನೀವು ಸುಳ್ಳು ಹೇಳದ ಮನುಷ್ಯರಂತೆ, ನಮ್ಮ ಮನೆಯಲ್ಲಿ ಅದನ್ನು ಕೊಚ್ಚಿಕೊಳ್ಳುತ್ತಾರೆ. ಒಂದು ಸುಳ್ಳು ಹೇಳಿದರೆ ನಾಲಿಗೆ ಸವೆಯುವುದಿಲ್ಲ. ಕಾಲಿಗೆ ಕಟ್ಟಿದ ಟವೆಲ್ ಯಾರದು ಎಂದು ಕೇಳಿದರೆ ದಾರಿಯಲ್ಲಿ ಬಿದ್ದಿತ್ತು ಎನ್ನಿ.

ಹಾಗೆ ಹೇಳಿದರೆ ಪದಕ ಬರುವುದಿಲ್ಲ, ಬಡ್ತಿ ತಡವಾಗುತ್ತದೆ, ನಿಮ್ಮ ಹೆಸರು ಯಾರ ಬಾಯಲ್ಲೂ ಉಳಿಯುವುದಿಲ್ಲ. ನಿಮ್ಮ ಬಾಳು ಬೇರೆ ದಾರಿ ಹಿಡಿದರೆ ನಾನು ಹುಟ್ಟುತ್ತೇನೋ ಇಲ್ಲವೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಪದಕ ಬಾರದವರಿಗೂ ಮಕ್ಕಳಾಗುತ್ತವೆ. ಆಗದಿದ್ದರೆ ಬಿಡಿ, ಸಿದ್ದವ್ವನನ್ನು ಹೆತ್ತು ನಿಮ್ಮ ಸಾಲಿಗೆ ಬಲಿ ಕೊಡುವುದಕ್ಕಿಂತ ಹೆರದೆ ಇರುವುದು ನನಗೆ ಒಪ್ಪಿಗೆ. ನನಗೆ ಇರುವವಳು ಅವಳೊಬ್ಬಳೇ.

ಕಿಟಕಿಯ ಹಿಂದಿನವನು ಹೊತ್ತಾಯಿತು ಎಂದು ಕೈಸನ್ನೆ ಮಾಡುತ್ತಿದ್ದಾನೆ. ಬಿಸಿಲು ಇನ್ನೂ ನೆತ್ತಿಗೆ ಬಂದಿಲ್ಲ. ಬಂಡೆಯ ಮೇಲೆ ನನ್ನ ಮಗಳು ಯಾವುದೋ ಕೂಸಿನ ಕೆಮ್ಮು ನೋಡುತ್ತ ಕೂತಿರಬೇಕು. ನೀವು ಇದನ್ನು ಓದುತ್ತಿರುವ ಹೊತ್ತಿಗೆ ನಿಮ್ಮ ಕಾಲದ ಜೋಡಿಬಂಡೆಯಲ್ಲಿ ಹುಲಿಗೆವ್ವನೂ ಬದುಕಿದ್ದಾಳೆ, ಇವತ್ತು ಇಳಿಹೊತ್ತಿಗೆ ಚಪ್ಪಡಿ ಸರಿಸಲು ಮನೆಯಿಂದ ಹೊರಡುತ್ತಾಳೆ. ನಾಳೆ ನಕ್ಷೆ ಬಂದಾಗ ನಿಮ್ಮ ಎರಡೂ ಕೈಗಳನ್ನು ಕಂಬಳಿಯ ಒಳಗಿಟ್ಟುಕೊಳ್ಳಿ.

ಸಾಬವ್ವ